ವೈಪರ್ ಸರಿಯಾಗಿ ಒರೆಸುತ್ತಿಲ್ಲವೇ? ಬ್ಲೇಡು ಕೊಳ್ಳುವ ಮೊದಲು ಗಾಜಿನ ಮೇಲಿನ ಗೆರೆ ನೋಡಿ

ನನ್ನ ಕಾರಿನ ಮುಂದಿನ ಗಾಜು ಒಡೆದದ್ದು ಕಲ್ಲು ಬಿದ್ದಲ್ಲ, ಕೊಂಬೆ ಬಿದ್ದೂ ಅಲ್ಲ. ಒಡೆದವನು ನಾನೇ. ಹಳೆ ವೈಪರ್ ಬ್ಲೇಡು ಬಿಚ್ಚಿ, ಹೊಸದನ್ನು ಪ್ಯಾಕೆಟ್ಟಿನಿಂದ ತೆಗೆಯಲು ಒಂದು ಕ್ಷಣ ಆ ಕಡೆ ತಿರುಗಿದೆ. ಎದ್ದು ನಿಂತಿದ್ದ ಬರೀ ಕಬ್ಬಿಣದ ತೋಳಿಗೆ ಮೊಣಕೈ ತಾಗಿತು. ಸ್ಪ್ರಿಂಗಿನ ಬಲಕ್ಕೆ ಅದು ಫಟ್ಟನೆ ಗಾಜಿನ ಮೇಲೆ ಬಿತ್ತು. ಬಿದ್ದ ಜಾಗದಿಂದ ಜೇಡರ ಬಲೆಯಂತೆ ಬಿರುಕು ಹರಡಿತು. ಮೆಕ್ಯಾನಿಕ್ಕಿಗೆ ಕೊಡುವ ನೂರಿನ್ನೂರು ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಂಡೆ.

ಅದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಇನ್ನೊಂದು. ಹೊಸ ಗಾಜು ಹಾಕಿಸಿದ ಮೇಲೆ, ಏನಾಗುತ್ತದೋ ನೋಡೋಣ ಅಂತ ಅದೇ ಹಳೆ ಬ್ಲೇಡು ಸಿಕ್ಕಿಸಿದೆ. ಲಕ್ಷಣವಾಗಿ ಒರೆಸಿತು! ಅಂದರೆ ದೋಷ ಬ್ಲೇಡಿನಲ್ಲಿ ಇರಲೇ ಇಲ್ಲ. ಹಳೆ ಗಾಜಿನ ಮೇಲೆ ಕೂತಿದ್ದ ಜಿಡ್ಡಿನಲ್ಲಿತ್ತು.

ಅವತ್ತಿನಿಂದ ನನ್ನದು ಒಂದೇ ಕ್ರಮ. ಮೊದಲು ಗಾಜು, ಆಮೇಲೆ ರಬ್ಬರು, ಆಮೇಲೆ ತೋಳು, ಎಲ್ಲಕ್ಕಿಂತ ಕೊನೆಗೆ ಮೋಟಾರು. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ನಾವಿರುವುದು ಶಿವಮೊಗ್ಗದಲ್ಲಿ, ಹೆಂಡತಿಯ ತವರು ಉಡುಪಿ ಕಡೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯುವಾಗ ವೈಪರ್ ಕೈಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿರುವುದರಿಂದ, ಮೇ ತಿಂಗಳ ಕೊನೆಯ ಒಂದು ಭಾನುವಾರ ಇದಕ್ಕೇ ಮೀಸಲು.

ಗೆರೆ ಓದುವುದು ಹೇಗೆ

ಒಂದು ಬಕೆಟ್ ನೀರು, ಒಂದು ಚೊಂಬು ತೆಗೆದುಕೊಳ್ಳಿ. ಗಾಜಿನ ಮೇಲೆ ಧಾರಾಳವಾಗಿ ನೀರು ಸುರಿಯಲು ಮನೆಯವರಿಗೆ ಹೇಳಿ, ನೀವು ಒಳಗೆ ಕೂತು ವೈಪರನ್ನು ನಿಧಾನದ ವೇಗದಲ್ಲಿ ಓಡಿಸಿ. ಒಣ ಗಾಜಿನ ಮೇಲೆ ಮಾತ್ರ ಓಡಿಸಬೇಡಿ. ದೂಳೆಲ್ಲ ರಬ್ಬರಿನಡಿ ಸಿಕ್ಕಿ ಗಾಜನ್ನು ಗೀರುತ್ತದೆ. ಹಾಗೆ ಬಿದ್ದ ಗೀರು ತೆಗೆಯುವುದು ಸುಲಭವಲ್ಲ.

ಈಗ ವೈಪರ್ ಬಿಟ್ಟುಹೋದ ಗುರುತು ನೋಡಿ. ಬಿಲ್ಲಿನ ಹಾಗೆ ಬಾಗಿದ ಉದ್ದ ಗೆರೆ ಇದ್ದರೆ, ವೈಪರ್ ಹೋದ ದಾರಿಯುದ್ದಕ್ಕೂ ಅದು ಇದ್ದರೆ, ದೋಷ ರಬ್ಬರಿನ ಆ ಒಂದು ಬಿಂದುವಿನಲ್ಲಿದೆ. ಅಲ್ಲಿ ರಬ್ಬರು ಹರಿದಿರಬೇಕು, ಇಲ್ಲವೇ ಮರಳಿನ ಕಣ ಅಥವಾ ಎಲೆಯ ಚೂರು ಅಂಟಿರಬೇಕು. ಗೆರೆಯಿಲ್ಲ, ಆದರೆ ಒಂದೇ ಜಾಗದಲ್ಲಿ ಪ್ರತಿ ಸಲವೂ ಕಲೆ ಉಳಿಯುತ್ತದೆ ಎಂದಾದರೆ ಅದು ಗಾಜಿನ ದೋಷ. ಡಾಂಬರಿನ ಹನಿ, ಮರದ ಅಂಟು, ಸತ್ತ ಹುಳ, ಕಲ್ಲು ಸಿಡಿದ ಸಣ್ಣ ಗುಳಿ, ಇಂಥದ್ದೇನೋ ಒಂದು ಅಲ್ಲಿರುತ್ತದೆ. ಬ್ಲೇಡಿನ ನಡುವೆ ಅಥವಾ ತುದಿಯಲ್ಲಿ ಅಗಲವಾದ ಪಟ್ಟಿಯೇ ಒರೆಸದೆ ಉಳಿದರೆ, ಬ್ಲೇಡು ಆ ಭಾಗದಲ್ಲಿ ಗಾಜನ್ನು ಮುಟ್ಟುತ್ತಿಲ್ಲ ಅಂತ ಅರ್ಥ. ಫ್ರೇಮು ಬಾಗಿದೆ, ಅಥವಾ ಗಾಜಿನ ಬಾಗಿಗೆ ಬ್ಲೇಡಿನ ಬಾಗು ಹೊಂದುತ್ತಿಲ್ಲ. ಇನ್ನು ಗಾಜು ತುಂಬ ತೆಳ್ಳಗೆ ಹಾಲು ಬಳಿದಂತೆ ಮಬ್ಬಾಗಿ, ಎರಡು ಸೆಕೆಂಡು ಬಿಟ್ಟು ತಿಳಿಯಾದರೆ ಅದು ಜಿಡ್ಡು. ಹೆಚ್ಚಿನವರು ಬ್ಲೇಡಿಗೆ ದುಡ್ಡು ಹಾಕುವುದು ಈ ಕೊನೆಯದನ್ನು ನೋಡಿಯೇ. ನಾನೂ ಹಾಗೇ ಮಾಡಿದ್ದು.

ಗಾಜಿನ ಜಿಡ್ಡು

ಲಾರಿ, ಬಸ್ಸುಗಳ ಹಿಂದೆ ಹೋಗುವಾಗ ಹೊಗೆಯ ಜೊತೆ ಎಣ್ಣೆಯ ಅಂಶ ಬಂದು ಕೂರುತ್ತದೆ. ಒದ್ದೆ ರಸ್ತೆಯಿಂದ ಎದುರು ಗಾಡಿ ಎರಚುವ ನೀರಿನಲ್ಲೂ ಎಣ್ಣೆ ಇರುತ್ತದೆ. ಕಾರು ತೊಳೆಯುವವರು ಬಾನೆಟ್ಟಿಗೆ ಹಚ್ಚಿದ ಪಾಲಿಶನ್ನು ಅದೇ ಬಟ್ಟೆಯಲ್ಲಿ ಗಾಜಿಗೂ ಒರೆಸುತ್ತಾರೆ. ಆವಾಗ ಫಳಫಳ ಹೊಳೆಯುತ್ತದೆ, ಮೊದಲ ಮಳೆಗೆ ಬಣ್ಣ ಬಯಲು.

ಪರೀಕ್ಷೆ ಸುಲಭ. ಗಾಜಿಗೆ ನೀರು ಸುರಿಯಿರಿ. ಚೊಕ್ಕ ಗಾಜಿನ ಮೇಲೆ ನೀರು ತೆಳುವಾದ ಹಾಳೆಯಂತೆ ಹರಿದು ಇಳಿಯುತ್ತದೆ. ಜಿಡ್ಡಿದ್ದರೆ ಕೆಸುವಿನೆಲೆಯ ಮೇಲೆ ನಿಂತಂತೆ ಹನಿಹನಿಯಾಗಿ ನಿಲ್ಲುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ತೊಳೆದು ಒಣಗಿಸಿದ ಗಾಜಿನ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿತರಿಯೆಲ್ಲ ಚೀಲದ ಒಳಗಿನ ಬೆರಳಿಗೆ ಗೊತ್ತಾಗುತ್ತದೆ. ಮೊದಲ ಸಲ ಮಾಡಿದಾಗ ನಾನು ನಂಬಲಿಲ್ಲ, ಚೀಲ ತೆಗೆದು ಮತ್ತೆ ಬರಿಗೈಯಲ್ಲಿ ಸವರಿ ನೋಡಿದೆ.

ತೆಗೆಯಲು ದುಬಾರಿ ಸಾಮಾನೇನೂ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ನೀರಿಗೆ ಹಾಕಿ, ಮೆತ್ತನೆ ಸ್ಪಂಜಿನಲ್ಲಿ ತಿಕ್ಕಿ. ಹಸಿರು ಸ್ಕ್ರಬ್ಬರ್ ಬೇಡ. ವೈಪರ್ ಎತ್ತಿ ಅದರಡಿಯ ಜಾಗವನ್ನೂ ತಿಕ್ಕಿ, ಜಿಡ್ಡು ಜಾಸ್ತಿ ಕೂರುವುದೇ ಅಲ್ಲಿ. ಆಮೇಲೆ ನೊರೆ ಒಂದಿಷ್ಟೂ ಉಳಿಯದಂತೆ ನೀರು ಹಾಕಿ. ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆದು ಬಿಸಿಲಲ್ಲೇ ಒಣಗಲು ಬಿಡುವವರ ಗಾಜಿನ ಮೇಲೆ ಬಿಳಿ ಚುಕ್ಕೆಗಳಿರುತ್ತವೆ, ನೋಡಿ. ಅದು ಉಪ್ಪಿನಂಶ, ಸೋಪಿಗೆ ಜಗ್ಗುವುದಿಲ್ಲ. ಬಿಳಿ ವಿನೆಗರನ್ನು ಬಟ್ಟೆಗೆ ಹಾಕಿ ಐದು ನಿಮಿಷ ಗಾಜಿನ ಮೇಲೆ ಹರಡಿಟ್ಟು ಒರೆಸಿದರೆ ಬಹುಪಾಲು ಹೋಗುತ್ತದೆ. ಪೇಂಟಿನ ಮೇಲೆ ವಿನೆಗರ್ ಸುರಿಯದಂತೆ ನೋಡಿಕೊಳ್ಳಿ. ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರಿನಲ್ಲಿ ಒರೆಸಬಹುದಲ್ವಾ ಅಂತ ಕೇಳುತ್ತಾರೆ. ಬೇಡ. ಕೈ ಒಣಗದಿರಲಿ ಅಂತ ಬಹಳಷ್ಟು ಸ್ಯಾನಿಟೈಸರಿಗೆ ಗ್ಲಿಸರಿನ್ ಸೇರಿಸಿರುತ್ತಾರೆ. ಇದ್ದ ಜಿಡ್ಡಿನ ಮೇಲೆ ಇನ್ನೊಂದು ಜಿಡ್ಡು ಬಳಿದಂತಾಗುತ್ತದೆ.

ವೈಪರಿಗೆ ಸಂಬಂಧವೇ ಇಲ್ಲದ ಮಬ್ಬು

ಘಾಟಿ ಇಳಿದು ಕರಾವಳಿಗೆ ಬಂದ ಕೂಡಲೇ ಗಾಜು ಮಬ್ಬಾಗುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಹೊಸ ಬ್ಲೇಡು ಹಾಕಿದರೂ ಇದು ಹೋಗುವುದಿಲ್ಲ, ಯಾಕೆಂದರೆ ಇದು ಇಬ್ಬನಿ. ಒಳಗಿನಿಂದ ಗಾಜಿನ ಮೇಲೆ ಬೆರಳಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮೂಡಿ ಆಚೆ ಚೆನ್ನಾಗಿ ಕಂಡರೆ ಮಬ್ಬು ಒಳಗಿನದು. ನಿಮ್ಮೆಲ್ಲರ ಉಸಿರು, ಒದ್ದೆ ಛತ್ರಿ, ಒದ್ದೆ ಬಟ್ಟೆಗಳ ತೇವ ಅದು. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಗೆರೆ ಮೂಡಲಿಲ್ಲ, ಆದರೆ ವೈಪರ್ ಒಮ್ಮೆ ಓಡಿದರೆ ತಿಳಿಯಾಗಿ ಮತ್ತೆ ಮಬ್ಬಾಗುತ್ತದೆ ಎಂದರೆ ಇಬ್ಬನಿ ಹೊರಗಿನದು. ಎಸಿ ಗಾಜನ್ನು ತಣ್ಣಗೆ ಮಾಡಿದೆ, ಹೊರಗಿನ ಸೆಖೆಗಾಳಿಯ ತೇವ ಅದರ ಮೇಲೆ ಕೂರುತ್ತಿದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದಿಲ್ಲವೇ, ಹಾಗೆ. ಇಲ್ಲಿ ಮಾಡಬೇಕಾದ್ದು ಮೊದಲಿನದಕ್ಕೆ ತೀರಾ ಉಲ್ಟಾ. ಎಸಿಯ ತಂಪು ಕಡಿಮೆ ಮಾಡಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ.

ರಬ್ಬರು

ಗಾಜು ಚೊಕ್ಕವಾಯಿತು, ಗೆರೆ ಹೋಗಲಿಲ್ಲ. ಈಗ ವೈಪರ್ ಎತ್ತಿ, ಒದ್ದೆ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದು ರಬ್ಬರಿನ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಬಟ್ಟೆ ಕಪ್ಪಾಗುತ್ತದೆ. ಮೂರು ನಾಲ್ಕು ಸಲ ಎಳೆದ ಮೇಲೆ ಕಪ್ಪು ಕಡಿಮೆಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಪೂರ್ತಿ ಬಿಳಿ ಬಟ್ಟೆ ಬರುವ ತನಕ ತಿಕ್ಕಿದರೆ, ರಬ್ಬರು ಸಲೀಸಾಗಿ ಜಾರಲೆಂದು ಮೇಲೆ ಹಚ್ಚಿರುವ ಲೇಪವೇ ಹೋಗಿಬಿಡುತ್ತದೆ. ಮರಳು ಕಾಗದದಲ್ಲಿ ಉಜ್ಜುವ ಉಪಾಯ ನನಗೆ ಒಪ್ಪಿಗೆಯಾಗದಿರುವುದೂ ಇದೇ ಕಾರಣಕ್ಕೆ. ಸೀಮೆಎಣ್ಣೆ, ಪೆಟ್ರೋಲು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ. ತೆಂಗಿನೆಣ್ಣೆ ಹಚ್ಚಿದರೆ ಸದ್ದು ಒಂದು ದಿನ ನಿಲ್ಲುತ್ತದೆ, ಆದರೆ ಗಾಜೆಲ್ಲ ಎಣ್ಣೆಯಾಗಿ ರಾತ್ರಿ ಎದುರಿನ ಹೆಡ್‌ಲೈಟು ನೂರು ಚೂರಾಗಿ ಕಾಣುತ್ತದೆ.

ಒರೆಸಿದ ಮೇಲೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಕಚ್ಚು, ಅಲೆಅಲೆಯಾದ ಅಂಚು, ಸಿಪ್ಪೆ ಎದ್ದದ್ದು ಕಂಡರೆ ಆಯುಸ್ಸು ಮುಗಿದಿದೆ. ಬೆರಳಿನಲ್ಲಿ ಅಂಚನ್ನು ಎಡಕ್ಕೂ ಬಲಕ್ಕೂ ಮಡಚಿ ನೋಡಿ. ಎರಡೂ ಕಡೆ ಒಂದೇ ಥರ ಮೆತ್ತಗೆ ಬಾಗಬೇಕು. ಒಂದೇ ಕಡೆ ಬಾಗಿ ಅಲ್ಲೇ ನಿಂತರೆ ಅದು ಸೆಟೆದಿದೆ, ಬದಲಿಸಲೇಬೇಕು. ಕಾರು ವರ್ಷಗಟ್ಟಲೆ ಓಡಬೇಕಂತಿಲ್ಲ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಸುಮ್ನೆ ನಿಂತ ಕಾರಿನ ರಬ್ಬರು ಒಂದೂ ಮಳೆ ಕಾಣದೆ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಅಷ್ಟೇ ಅದರ ಬಾಳಿಕೆ.

ಗಡಗಡ, ಕಿರ್ರ್

ವೈಪರ್ ಜಾರುವ ಬದಲು ಕುಪ್ಪಳಿಸುತ್ತಾ ಗಡಗಡ ಅನ್ನುವುದು ಎಲ್ಲರಿಗೂ ಸಿಟ್ಟು ಬರಿಸುವ ದೋಷ. ಇದರ ಮೂಲ ತಿಳಿದರೆ ಅರ್ಧ ಕೆಲಸ ಮುಗಿದಂತೆ. ರಬ್ಬರಿನ ಅಂಚು ಯಾವಾಗಲೂ ಹೋಗುವ ದಿಕ್ಕಿಗೆ ಹಿಂದಾಗಿ ಬಾಗಿರಬೇಕು, ನೆಲ ಒರೆಸುವ ಕೋಲಿನ ಬಟ್ಟೆ ಹಿಂದೆ ಎಳೆದುಕೊಂಡು ಬರುವ ಹಾಗೆ. ವೈಪರ್ ತಿರುಗಿ ಬರುವಾಗ ಆ ಅಂಚು ಇನ್ನೊಂದು ಕಡೆಗೆ ಮಗುಚಿಕೊಳ್ಳಬೇಕು. ಮಗುಚದೇ ಇದ್ದರೆ ಅಂಚು ಗಾಜನ್ನು ಅಗೆಯುತ್ತಾ, ಜಿಗಿಯುತ್ತಾ ಹೋಗುತ್ತದೆ. ಗಡಗಡ ಬರುವುದು ಅದಕ್ಕೇ.

ಕಿವಿಗೊಟ್ಟು ಕೇಳಿ. ಹೋಗುವಾಗಲೂ ಬರುವಾಗಲೂ ಗಡಗಡ ಅಂದರೆ ಗಾಜಿನ ಜಿಡ್ಡು ಅಥವಾ ಗಟ್ಟಿಯಾದ ರಬ್ಬರು. ನೀರು ನಿಲ್ಲದಂತೆ ಗಾಜಿಗೆ ಕೋಟಿಂಗ್ ಹಾಕಿಸಿದ್ದರೆ ಅದೂ ಇರಬಹುದು. ಒಂದೇ ದಿಕ್ಕಿನಲ್ಲಿ ಮಾತ್ರ ಸದ್ದಾದರೆ ಸಂಶಯ ತೋಳಿನ ಮೇಲೆ. ತೋಳು ಸ್ವಲ್ಪ ತಿರುಚಿಕೊಂಡು, ರಬ್ಬರು ಗಾಜಿಗೆ ನೇರವಾಗಿ ನಿಲ್ಲದೆ ಓರೆಯಾಗಿ ನಿಂತಿರುತ್ತದೆ. ವೈಪರನ್ನು ಗಾಜಿನ ನಡುವೆ ನಿಲ್ಲಿಸಿ, ಬ್ಲೇಡಿನ ತುದಿಯಿಂದ ಕಣ್ಣು ಸಣ್ಣ ಮಾಡಿ ನೋಡಿದರೆ ಓರೆ ಕಾಣುತ್ತದೆ. ಹೊಸ ಬ್ಲೇಡು ಹಾಕಿ ಎರಡೇ ವಾರಕ್ಕೆ ಮತ್ತೆ ಗಡಗಡ ಶುರುವಾಗಿದ್ದರಂತೂ ಬಹುತೇಕ ಇದೇ. ಬ್ಲೇಡು ಬಿಚ್ಚಿ ತೋಳನ್ನು ಪಾನಾದಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಚಿ ಸರಿ ಮಾಡುತ್ತಾರೆ. ನಾನು ಒಮ್ಮೆ ಮಾಡಿದ್ದೇನೆ, ಎರಡನೇ ಸಲ ಮೆಕ್ಯಾನಿಕ್ಕಿಗೆ ಕೊಟ್ಟೆ. ಕೈ ಅಳತೆ ಗೊತ್ತಿಲ್ಲದವರು ಗಾಜಿನ ಹತ್ತಿರ ಬಲ ಹಾಕುವ ಕೆಲಸ ಅದಲ್ಲ.

ಹೈವೇಯಲ್ಲಿ ವೇಗ ಜಾಸ್ತಿಯಾದಾಗ ಮಾತ್ರ ಒರೆಸದಿದ್ದರೆ ಗಾಳಿಗೆ ಬ್ಲೇಡು ಏಳುತ್ತಿದೆ. ಎರಡೂ ತೋಳನ್ನು ಒಂದೊಂದಾಗಿ ಎತ್ತಿ ಹೋಲಿಸಿ. ಒಂದು ಹಗುರಾಗಿ ಬಂದರೆ ಅದರ ಸ್ಪ್ರಿಂಗು ಸೋತಿದೆ. ಕೀಲು ತುಕ್ಕು ಹಿಡಿದು ಬಿಗಿಯಾಗಿದ್ದರೂ ಇದೇ ಕಾಟ. ಅದಕ್ಕೆ ಒಂದೆರಡು ಹನಿ ಎಣ್ಣೆ ಸಾಕು, ಗಾಜಿಗೆ ತಾಗದಂತೆ.

ಬದಲಿಸುವುದೇ ಆದರೆ

ಅಂಗಡಿಗೆ ಹೋಗುವ ಮೊದಲು ಟೇಪಿನಲ್ಲಿ ಎರಡೂ ಬ್ಲೇಡು ಅಳೆಯಿರಿ, ಇಂಚಿನಲ್ಲಿ. ಬಹಳ ಕಾರುಗಳಲ್ಲಿ ಎರಡೂ ಒಂದೇ ಉದ್ದ ಇರುವುದಿಲ್ಲ. ನಮ್ಮಲ್ಲಿ ಬಲಗಡೆಯ, ಅಂದರೆ ಡ್ರೈವರ್ ಕಡೆಯದು ಸಾಮಾನ್ಯವಾಗಿ ಉದ್ದ. ಮೊದಲಿನವರು ತಪ್ಪು ಅಳತೆಯದು ಹಾಕಿರಲೂಬಹುದು, ಹಾಗಾಗಿ ಕಾರಿನ ಜೊತೆ ಬಂದ ಪುಸ್ತಕವನ್ನೂ ನೋಡಿ. ತೋಳಿನ ತುದಿಯ ಫೋಟೋ ಒಂದು ತೆಗೆದುಕೊಳ್ಳಿ. ನಮ್ಮ ಹೆಚ್ಚಿನ ಕಾರುಗಳಲ್ಲಿ ಅದು ಛತ್ರಿ ಹಿಡಿಕೆಯ ಹಾಗೆ ಬಾಗಿದ ಕೊಕ್ಕೆ. ಕೆಲವದರಲ್ಲಿ ಗುಂಡಿ ಒತ್ತುವ ಲಾಕು ಅಥವಾ ಪಕ್ಕದಿಂದ ಸಿಕ್ಕಿಸುವ ಪಿನ್ನು ಇರುತ್ತದೆ. ಅಂಗಡಿಯವರಿಗೆ ಕಾರಿನ ಹೆಸರು, ವರ್ಷ ಹೇಳಿ, ಫೋಟೋ ತೋರಿಸಿದರೆ ವಾಪಸ್ ಹೋಗುವ ಕೆಲಸ ಉಳಿಯುತ್ತದೆ.

ಮನೆಗೆ ಬಂದು ಮೊದಲು ಮಾಡಬೇಕಾದ್ದು: ಗಾಜಿನ ಮೇಲೆ ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಇದೊಂದನ್ನು ಬಿಟ್ಟು ಬೇರೆ ಏನು ಮರೆತರೂ ಪರವಾಗಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ತೋಳು ಎತ್ತಲು ಹೋದಾಗ ಬಾನೆಟ್ಟಿನ ಅಂಚಿಗೆ ತಾಗುತ್ತಿದ್ದರೆ ಬಲ ಹಾಕಬೇಡಿ. ಅಂಥ ಕಾರಿನ ವೈಪರನ್ನು ಗಾಜಿನ ನಡುವೆ ತಂದು ನಿಲ್ಲಿಸುವ ಒಂದು ಕ್ರಮ ಇರುತ್ತದೆ. ಬಹಳಷ್ಟರಲ್ಲಿ ಕೀ ಆಫ್ ಮಾಡಿದ ಕೂಡಲೇ ಸ್ಟೀರಿಂಗ್ ಪಕ್ಕದ ವೈಪರ್ ಸ್ವಿಚ್ಚಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ನಿಮ್ಮ ಕಾರಿನದು ಪುಸ್ತಕದಲ್ಲಿದೆ.

ತೋಳು ಎದ್ದು ನಿಂತ ಮೇಲೆ ಬ್ಲೇಡನ್ನು ಅಡ್ಡಕ್ಕೆ ತಿರುಗಿಸಿ. ಕೊಕ್ಕೆಯ ಒಳಗೆ ಸಣ್ಣ ಪ್ಲಾಸ್ಟಿಕ್ ನಾಲಗೆ ಕಾಣುತ್ತದೆ. ಅದನ್ನು ಒತ್ತಿ ಹಿಡಿದು ಬ್ಲೇಡನ್ನು ತೋಳಿನ ಬುಡದ ಕಡೆಗೆ ಎಳೆಯಿರಿ. ಮೇಲಕ್ಕಲ್ಲ, ಬುಡದ ಕಡೆಗೆ. ಎಲ್ಲರೂ ಎಡವುವುದು ಇಲ್ಲೇ. ಕೊಕ್ಕೆಯಿಂದ ಬಿಟ್ಟುಕೊಂಡ ಬ್ಲೇಡನ್ನು ಅದರ ಸಂದಿನಿಂದ ಹೊರಗೆ ತನ್ನಿ. ಈಗ ತೋಳನ್ನು ಕೈ ಬಿಡದೆ ಟವೆಲಿನ ಮೇಲೆ ಮಲಗಿಸಿ. ಆಮೇಲೆ ಬೇಕಾದರೆ ಕಾಫಿ ಕುಡಿದು ಬನ್ನಿ.

ಹೊಸದನ್ನು ಹಾಕುವುದು ಇದರ ತಿರುಗುಮುರುಗು. ಕೊಕ್ಕೆಯನ್ನು ಸಂದಿನೊಳಗೆ ತೂರಿಸಿ, ಬ್ಲೇಡನ್ನು ಕೊಕ್ಕೆಯ ಬಾಗಿನ ಕಡೆ ಎಳೆದರೆ ಟಕ್ ಅನ್ನುತ್ತದೆ. ಟಕ್ ಕೇಳಿಸದಿದ್ದರೆ ಕೂತಿಲ್ಲ. ಕೇಳಿಸಿದರೂ ಒಮ್ಮೆ ಜಗ್ಗಿ ನೋಡಿ. ಫ್ರೇಮಿಲ್ಲದ ಚಪ್ಪಟೆ ಬ್ಲೇಡಿನ ಪ್ಯಾಕೆಟ್ಟಿನಲ್ಲಿ ಮೂರು ನಾಲ್ಕು ಕ್ಲಿಪ್ಪು ಇರುತ್ತವೆ, ನಿಮ್ಮದಕ್ಕೆ ಹೊಂದುವುದು ಒಂದೇ. ಅನೇಕ ಸಲ ಕೊಕ್ಕೆಯದನ್ನು ಅವರೇ ಹಾಕಿ ಕೊಟ್ಟಿರುತ್ತಾರೆ. ರಬ್ಬರಿನ ಮೇಲೆ ಬಣ್ಣದ ಪ್ಲಾಸ್ಟಿಕ್ ಕವಚವಿದ್ದರೆ ತೆಗೆಯಿರಿ. ಅದರ ಸಮೇತ ಓಡಿಸಿ, ಹೊಸದೂ ಒರೆಸುತ್ತಿಲ್ಲ ಅಂತ ಅಂಗಡಿಗೆ ಜಗಳಕ್ಕೆ ಹೋದ ನೆರೆಯವರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ.

ಫ್ರೇಮು ಗಟ್ಟಿಯಾಗಿದ್ದು ರಬ್ಬರು ಮಾತ್ರ ಹೋಗಿದ್ದರೆ ಬರೀ ರಬ್ಬರ್ ಪಟ್ಟಿ ತಂದು ಹಾಕಬಹುದು, ಖರ್ಚು ಕಡಿಮೆ. ಹಳೆ ರಬ್ಬರಿನ ಎರಡು ಪಕ್ಕದ ತೆಳು ತಗಡು ಪಟ್ಟಿಗಳನ್ನು ಅದೇ ದಿಕ್ಕಿನಲ್ಲಿ, ಅದೇ ಬಾಗಿನಲ್ಲಿ ಹೊಸದಕ್ಕೆ ಹಾಕಬೇಕು. ಅವು ಉಲ್ಟಾ ಆದರೆ ಬ್ಲೇಡಿನ ನಡುವೆ ಒರೆಸದ ಪಟ್ಟಿ ಉಳಿಯುತ್ತದೆ.

ಪಕ್ಕದ ಕಂಬಕ್ಕೆ ಹೊಡೆದರೆ

ನನ್ನ ಗಾಜು ಹಾಕಿಸಿ ಬಂದ ಮೊದಲ ಮಳೆಗೇ ಡ್ರೈವರ್ ಕಡೆಯ ವೈಪರ್ ಗಾಜು ದಾಟಿ ಪಕ್ಕದ ಕಂಬಕ್ಕೆ ಟಪ್ ಟಪ್ ಹೊಡೆಯಲು ಶುರು ಮಾಡಿತು. ಬ್ಲೇಡಿನ ಉದ್ದ ಅಳೆದೆ, ಸರಿಯಿತ್ತು. ಗಾಜು ಬದಲಿಸಲು ತೋಳು ಬಿಚ್ಚಿದ್ದವರು ಅದನ್ನು ಒಂದು ಹಲ್ಲು ಆಚೆಗೆ ಕೂರಿಸಿದ್ದರು. ತೋಳಿನ ಬುಡದಲ್ಲಿ ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, ಅದರಡಿ ಒಂದು ನಟ್ಟು, ಆ ನಟ್ಟಿನಡಿ ಹಲ್ಲುಹಲ್ಲಾದ ಕಡ್ಡಿ. ವೈಪರನ್ನು ಒಮ್ಮೆ ಓಡಿಸಿ ಸ್ವಿಚ್ಚಿನಿಂದಲೇ ಆಫ್ ಮಾಡಿ, ಅದು ತನ್ನ ಜಾಗಕ್ಕೆ ಬಂದು ನಿಂತ ಮೇಲೆ ಕೀ ತೆಗೆಯಿರಿ. ನಟ್ಟು ಸಡಿಲಿಸಿ, ತೋಳನ್ನು ಮೆಲ್ಲಗೆ ಅಲ್ಲಾಡಿಸಿ ಎತ್ತಿ, ಸರಿಯಾದ ಹಲ್ಲಿಗೆ ಕೂರಿಸಿ ಬಿಗಿ ಮಾಡಿ. ಕೆಲವು ಗಾಜಿನ ಕೆಳಗೆ ಬ್ಲೇಡು ಎಲ್ಲಿ ನಿಲ್ಲಬೇಕೆಂದು ಚುಕ್ಕೆ ಗುರುತು ಇರುತ್ತದೆ. ಒಂದು ವೈಪರ್ ಓಡಿ ಇನ್ನೊಂದು ಸುಮ್ಮನೆ ಮಲಗಿದ್ದರೂ ಮೊದಲು ನೋಡಬೇಕಾದ್ದು ಇದೇ ನಟ್ಟನ್ನು. ಸಡಿಲವಾಗಿದ್ದರೆ ಕಡ್ಡಿ ಒಳಗೇ ತಿರುಗುತ್ತದೆ, ತೋಳು ಬರುವುದಿಲ್ಲ.

ಎರಡೂ ಓಡದಿದ್ದರೆ

ಸ್ವಿಚ್ ಹಾಕಿ ಕಿವಿಗೊಡಿ. ಮೋಟಾರಿನ ಸದ್ದು ಬರುತ್ತಿದ್ದು ತೋಳು ಅಲ್ಲಾಡದಿದ್ದರೆ ಒಳಗಿನ ಜೋಡಣೆ ಕಳಚಿದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್. ಫ್ಯೂಸ್ ಡಬ್ಬಿಯ ಮುಚ್ಚಳದಲ್ಲೋ ಪುಸ್ತಕದಲ್ಲೋ ಯಾವುದು ಎಲ್ಲಿದೆ ಅಂತ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಮತ್ತೆ ಸುಟ್ಟರೆ ದೊಡ್ಡದು ಹಾಕುವ ಬುದ್ಧಿವಂತಿಕೆ ಬೇಡ, ವೈರೇ ಸುಡುತ್ತದೆ. ಆಫ್ ಮಾಡಿದಾಗ ಕೆಳಗೆ ಬಾರದೆ ಎಲ್ಲೆಂದರಲ್ಲಿ ನಿಂತರೆ ಮೋಟಾರಿನ ಒಳಗಿನ ಪಾರ್ಕಿಂಗ್ ಸ್ವಿಚ್ಚಿನ ಮೇಲೆ ಸಂಶಯ. ಅದು ಎಲೆಕ್ಟ್ರಿಷಿಯನ್ ಕೆಲಸ.

ಒಂದು ಆಷಾಢದಲ್ಲಿ ಘಾಟಿಯ ನಡುವೆಯೇ ನನ್ನ ವೈಪರ್ ಎರಡೂ ನಿಂತವು. ಪಕ್ಕದಲ್ಲಿ ಮಾವ ಇದ್ದರು, ಹಿಂದೆ ಬಸ್ಸು ಓಡಿಸಿದವರು. ‘ಬದಿಗೆ ಹಾಕಿ, ಹೊಗೆಸೊಪ್ಪು ತಿಕ್ಕುವ’ ಅಂದರು. ಎಲೆಅಡಿಕೆ ಚೀಲದಿಂದ ಒಂದು ತುಂಡು ತೆಗೆದು ನೆನೆಸಿ, ಡ್ರೈವರ್ ಎದುರಿನ ಗಾಜಿಗೆ ಚೆನ್ನಾಗಿ ತಿಕ್ಕಿದರು. ಹನಿ ಒಡೆದು ನೀರು ಹಾಳೆಯಂತೆ ಇಳಿಯತೊಡಗಿತು, ದಾರಿ ಕಂಡಿತು. ಜೋರು ಮಳೆಗೆ ಅದೂ ಬೇಗ ತೊಳೆದು ಹೋಗುತ್ತದೆ. ಎರಡು ಸಲ ನಿಲ್ಲಿಸಿ ತಿಕ್ಕಿ, ಆಮೆಯ ಹಾಗೆ ಕೆಳಗಿಳಿದೆವು.

ಮರುದಿನ ಉಡುಪಿಯಲ್ಲಿ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ, ಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿ ಬಿಚ್ಚಿದ. ಅದರಡಿ ಒಂದು ಬುಟ್ಟಿಯಾಗುವಷ್ಟು ಕೊಳೆತ ಎಲೆ. ನೀರು ಹೊರಗೆ ಹೋಗುವ ತೂತು ಮುಚ್ಚಿ, ಮೋಟಾರು ಕೆರೆಯಲ್ಲಿ ಕೂತಂತೆ ಕೂತಿತ್ತು. ನಮ್ಮ ಮನೆಯಲ್ಲಿ ಕಾರು ನಿಲ್ಲುವುದು ಹಲಸಿನ ಮರದ ಕೆಳಗೆ. ಈಗ ಮೇ ತಿಂಗಳ ಆ ಭಾನುವಾರ ನಾನು ಶುರು ಮಾಡುವುದೇ ಜಾಲರಿಯ ಎಲೆ ಬಾಚುವುದರಿಂದ. ಟವೆಲ್ ಆಮೇಲೆ.